ಪಾದರಸದ ಸಹವಾಸ

ಒಂದು ಕಡೆ ನಿಲ್ಲದ ಹುಡುಗನನ್ನು ನಮ್ಮವರು ಪಾದರಸಕ್ಕೆ ಹೋಲಿಸುವುದುಂಟು. "ಅವನೇ? ಪಾದರಸ, ಬಿಡಿ!" ಎಂದರೆ ಅದು ಹೊಗಳಿಕೆಯೋ ದೂರೋ ಎಂಬುದನ್ನು ಹೇಳುವವರ ಮುಖ ನೋಡಿಯೇ ತಿಳಿಯಬೇಕು. ಚಿಕ್ಕಂದಿನಲ್ಲಿ ಆ ಬಿರುದು ನನಗೂ ಇತ್ತಂತೆ. ಈಗ ಎಪ್ಪತ್ತಾರು ದಾಟಿ, ಕುರ್ಚಿಯಿಂದ ಏಳುವ ಮುನ್ನ ಎರಡು ಸಲ ಯೋಚಿಸುವ ನನ್ನನ್ನು ಕಂಡವರು ಅದನ್ನು ನಂಬಲಾರರು. ಸೀಸಕ್ಕೆ ಹೋಲಿಸಿದರೆ ಒಪ್ಪಿಯಾರು. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನಾದರೂ ಆ ಹೋಲಿಕೆಯನ್ನು ನಾನು ಎಂದೂ ಪ್ರಶ್ನಿಸಲಿಲ್ಲ. ಪಾದರಸ ಚಂಚಲ, ಕೈಗೆ ಸಿಕ್ಕದು, ಯಾವುದಕ್ಕೂ ಅಂಟದು, ಯಾರ ಹಂಗಿನಲ್ಲೂ ಇರದು ಎಂದೇ ನಂಬಿದ್ದೆ. ಅದು ತಪ್ಪೆಂದು ನನಗೆ ತಿಳಿಸಿದ್ದು ಪುಸ್ತಕವಲ್ಲ, ಒಂದು ಉಂಗುರ.

ನಡೆದದ್ದಿಷ್ಟು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಮೊಮ್ಮಗನಿಗೆ ಜ್ವರ ಬಂತು. ಮಗ ಊರಲ್ಲಿರಲಿಲ್ಲ. ಮನೆಯಲ್ಲಿದ್ದ ಹೊಸ ಕಾಲದ ಥರ್ಮಾಮೀಟರು, ಬೇಕಾದಾಗ ಕೈಕೊಡುವುದು ಯಂತ್ರಗಳ ಧರ್ಮವೆಂಬಂತೆ, ಬ್ಯಾಟರಿ ಮುಗಿದು ಕಣ್ಣು ಮುಚ್ಚಿತ್ತು. ನನಗೆ ಒಳಗೊಳಗೇ ಸಂತೋಷ. ಮೇಜಿನ ಖಾನೆಯಿಂದ ನನ್ನ ಹಳೆಯ ಗಾಜಿನ ಥರ್ಮಾಮೀಟರು ತೆಗೆದೆ. "ನೋಡಮ್ಮ, ಇದಕ್ಕೆ ಬ್ಯಾಟರಿಯೂ ಬೇಡ, ಗ್ಯಾರಂಟಿ ಚೀಟಿಯೂ ಬೇಡ" ಎಂದು ಸೊಸೆಗೆ ಒಂದು ಸಣ್ಣ ಉಪನ್ಯಾಸ ಕೊಟ್ಟು, ಪಾದರಸ ಕೆಳಗಿಳಿಯಲೆಂದು ಜೋರಾಗಿ ಕೊಡವಿದೆ. ಮಂಚದ ಅಂಚು ಹತ್ತಿರವೇ ಇತ್ತು. ಠಣ್ ಎಂದಿತು. ಗಾಜು ಒಂದು ಕಡೆ, ರಸ ಹತ್ತು ಕಡೆ.

ಜ್ವರದ ಹುಡುಗನಿಗೆ ಆ ಬೆಳ್ಳಿಯ ಗುಂಡುಗಳು ಕಂಡದ್ದೇ ತಡ, ಹೊದಿಕೆ ಒದ್ದು ಮಂಚದಿಂದ ಇಳಿದ. ಅವನ ಕೈಗೆ ಅವು ಸಿಕ್ಕಬಾರದೆಂದು ಸೊಸೆ ನೆಲದ ಮೇಲೆ ಕುಳಿತು ಸರಸರನೆ ಬೆರಳಿನಿಂದ ಬಳಿಯತೊಡಗಿದಳು. "ಮುಟ್ಟಬೇಡ, ಉಂಗುರ ತೆಗಿ!" ಎಂದು ನಾನು ಕೂಗುವುದರೊಳಗೆ ಆಗಬೇಕಾದ್ದು ಆಗಿಹೋಗಿತ್ತು. ಅವಳ ಬೆರಳಿನ ಚಿನ್ನದ ಉಂಗುರದ ಒಂದು ಮಗ್ಗುಲು ಬಿಳಿಚಿಕೊಂಡಿತು. ಬಟ್ಟೆಯಿಂದ ಒರೆಸಿದಳು, ಬಿಳಿ ಹೋಗುವುದರ ಬದಲು ಹರಡಿತು. ಐದು ನಿಮಿಷದಲ್ಲಿ ಅದು ಚಿನ್ನದ ಉಂಗುರವೆಂದು ಯಾರೂ ಹೇಳುವಂತಿರಲಿಲ್ಲ.

ಆ ಉಂಗುರ ನನ್ನಾಕೆಯದು. ಪ್ರೈಮರಿ ಶಾಲೆಯ ಮೇಷ್ಟ್ರಮ್ಮನಾಗಿದ್ದ ಅವಳು ಸಂಬಳದಲ್ಲಿ ಉಳಿಸಿ ಉಳಿಸಿ ಅರ್ಧ ತೊಲ ಚಿನ್ನದಲ್ಲಿ ಮಾಡಿಸಿಕೊಂಡದ್ದು. ನಾನು ಕೊಡಿಸಿದ್ದಲ್ಲ ಎಂಬುದನ್ನು ಅವಳೂ ಮರೆಯಲಿಲ್ಲ, ನನಗೂ ಮರೆಯಗೊಡಲಿಲ್ಲ. ಮೇಲೆ ಕೆತ್ತಿದ್ದ ಮಾವಿನೆಲೆ ಸೀಮೆಸುಣ್ಣ ಹಿಡಿದೂ ಪಾತ್ರೆ ತಿಕ್ಕಿಯೂ ಅರ್ಧ ಸವೆದಿತ್ತು. ಐದು ವರ್ಷದ ಹಿಂದೆ, ಹೋಗುವುದಕ್ಕೆ ಎರಡು ದಿನ ಮುಂಚೆ, ಅದನ್ನು ತೆಗೆದು ಸೊಸೆಯ ಬೆರಳಿಗೆ ಹಾಕಿದಳು. ಏನೂ ಹೇಳಲಿಲ್ಲ, ಹೇಳುವ ಶಕ್ತಿ ಇರಲಿಲ್ಲ.

ಸೊಸೆಗೂ ನನಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಪತ್ರಿಕೆ ಮಡಿಕೆ ಕೆಡದೆ ನನ್ನ ಕುರ್ಚಿಗೆ ತಲುಪುತ್ತಿತ್ತು. ನಡುಮನೆಯಲ್ಲಿ ನಾನು, ಒಳಗೆ ಅವಳು. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದವಳು ಹೋದ ಮೇಲೆ ಓಡಾಟವೇ ನಿಂತಿತ್ತು. ಆ ರಾತ್ರಿ ಅವಳು ನನ್ನನ್ನು ದೂರಲಿಲ್ಲ. ಬಿಳಿಯಾದ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು, "ಮಾವ, ಇದು ಹೋಗುತ್ತಲ್ಲ?" ಎಂದಳು.

"ಹೋಗುತ್ತೆ, ಯೋಚನೆ ಮಾಡಬೇಡ. ಬೆಂಕಿಗೆ ಹಿಡಿದರೆ ಪಾದರಸ ಎದ್ದುಹೋಗುತ್ತೆ, ಚಿನ್ನ ಚಿನ್ನವಾಗಿಯೇ ಉಳಿಯುತ್ತೆ" ಎಂದೆ. ಪುಸ್ತಕದ ಪ್ರಕಾರ ಇದು ಸರಿ. ಪಾದರಸ ಕುದಿಯುವುದು 357 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಚಿನ್ನ ಕರಗುವುದಕ್ಕೇ 1064 ಡಿಗ್ರಿ ಬೇಕು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಬರುವ ಉತ್ತರ.

ಹುಡುಗನನ್ನು ಬೇರೆ ಕೋಣೆಗೆ ಕಳಿಸಿ, ಕಿಟಕಿಗಳನ್ನೆಲ್ಲ ತೆರೆದೆವು. ಪೊರಕೆ ಮುಟ್ಟಲಿಲ್ಲ, ಪೊರಕೆ ಆಡಿಸಿದರೆ ಗುಂಡು ಇನ್ನೂ ಸಣ್ಣ ಗುಂಡಾಗಿ ಮನೆಯೆಲ್ಲ ಸೇರುತ್ತದೆ. ಗಟ್ಟಿ ಕಾಗದದ ತುಂಡಿನಿಂದ ಮೆಲ್ಲಗೆ ಒತ್ತರಿಸಿ ಒಂದು ಸೀಸೆಗೆ ತುಂಬಿದೆವು. ಗುಲಾಬಿ ಗಿಡಕ್ಕೆಂದು ತಂದಿದ್ದ ಗಂಧಕದ ಪುಡಿಯನ್ನು ನೆಲದ ಸಂದುಗಳಿಗೆ ಉದುರಿಸಿದೆ. ಉಂಗುರಕ್ಕೆ ಇನ್ನೊಂದು ಪುಟ್ಟ ಸೀಸೆ. ಒಂದು ಥರ್ಮಾಮೀಟರಿನಲ್ಲಿರುವುದು ಸುಮಾರು ಒಂದು ಗ್ರಾಂ ಪಾದರಸ. ಅದನ್ನು ಹಿಡಿಯಲು ಇಬ್ಬರಿಗೆ ಎರಡು ಗಂಟೆ ಹಿಡಿಯಿತು. ಅವಳೂ ನಾನೂ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಇದ್ದದ್ದು ಅದೇ ಮೊದಲಿರಬೇಕು.

ಕೆಲಸದ ನಡುವೆ ಅವಳು ಕೇಳಿದಳು: "ನೆಲಕ್ಕೆ ಅಂಟಲಿಲ್ಲ, ಕಾಗದಕ್ಕೆ ಅಂಟಲಿಲ್ಲ, ನನ್ನ ಕೈಗೂ ಅಂಟಲಿಲ್ಲ. ಉಂಗುರಕ್ಕೆ ಮಾತ್ರ ಯಾಕೆ ಅಂಟಿತು?"

ಮೂವತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಈ ಪ್ರಶ್ನೆ ಹಾಕಿರಲಿಲ್ಲ. ಮೇಷ್ಟರಿಗೆ ಬಿಟ್ಟದ್ದು ಪಾಠ ಮಾತ್ರ, ಚಪಲವಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಹೇಳಿದೆ. ಆಗ ಹೇಳಿದ್ದನ್ನೂ, ಆಮೇಲೆ ಪುಸ್ತಕ ತಿರುವಿ ಸೇರಿಸಿಕೊಂಡದ್ದನ್ನೂ ಓದುಗರ ಮುಂದೆ ಇಡುತ್ತೇನೆ.

ಮೂಲಧಾತುಗಳದ್ದು ಒಂದು ದೊಡ್ಡ ವಠಾರ. ಅದರಲ್ಲಿ 79ನೆಯ ಮನೆ ಚಿನ್ನದ್ದು, 80ನೆಯದು ಪಾದರಸದ್ದು. ಗೋಡೆಗೆ ಗೋಡೆ ಹತ್ತಿದ ನೆರೆಹೊರೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಎಲೆಕ್ಟ್ರಾನು. ಚಿನ್ನದ ಹೊರಕಕ್ಷೆಯಲ್ಲಿ ಒಂದು, ಪಾದರಸದ ಹೊರಕಕ್ಷೆಯಲ್ಲಿ ಎರಡು. ಒಂಟಿ ಎಲೆಕ್ಟ್ರಾನಿನ ಚಿನ್ನಕ್ಕೆ ಜೊತೆ ಬೇಕು. ಅದು ಅಕ್ಕಪಕ್ಕದ ಪರಮಾಣುಗಳ ಕೈ ಬಿಗಿಯಾಗಿ ಹಿಡಿದು ಗಟ್ಟಿಯಾಗಿ ಕೂರುತ್ತದೆ. ಪಾದರಸಕ್ಕೆ ಜೊತೆ ಮನೆಯಲ್ಲೇ ಇದೆ. ಆ ಎರಡು ಎಲೆಕ್ಟ್ರಾನುಗಳನ್ನು ಅದು ಎದೆಗವಚಿಕೊಂಡು, ತನ್ನದೇ ಜಾತಿಯ ನೆರೆಯವರಿಗೂ ಕೈಚಾಚದೆ ಇರುತ್ತದೆ. ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿಯದಿದ್ದರೆ ಲೋಹ ಗಟ್ಟಿಯಾಗುವುದು ಹೇಗೆ? ಉಳಿದ ಲೋಹಗಳು ಕಲ್ಲಿನಂತೆ ಕುಳಿತಿರುವಾಗ ಪಾದರಸ ಸೊನ್ನೆಗಿಂತ 39 ಡಿಗ್ರಿ ಕೆಳಗಿನ ಚಳಿಯವರೆಗೂ ನೀರಾಗಿ ಹರಿದಾಡುತ್ತದೆ.

ಹಾಗೆ ಎದೆಗವಚಿಕೊಳ್ಳುವುದೇಕೆ? ಇದರ ಉತ್ತರ ಐನ್‌ಸ್ಟೈನರ ಮನೆಯಲ್ಲಿದೆ ಎಂದರೆ ಆಶ್ಚರ್ಯವಾದೀತು. ಪಾದರಸದ ಬೀಜದಲ್ಲಿ 80 ಧನ ವಿದ್ಯುತ್ಕಣಗಳಿವೆ. ಆ ಸೆಳೆತದಲ್ಲಿ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು, ಸುಮಾರು ನೂರಕ್ಕೆ 58ರಷ್ಟು, ವೇಗದಲ್ಲಿ ಸುತ್ತುತ್ತವೆ. ಅಂಥ ವೇಗದಲ್ಲಿ ಕಣದ ತೂಕ ಹೆಚ್ಚುತ್ತದೆ, ಕಕ್ಷೆ ಕುಗ್ಗುತ್ತದೆ ಎಂಬುದು ಸಾಪೇಕ್ಷತಾ ಸಿದ್ಧಾಂತ. ಒಳಗಿನವರು ಕುಗ್ಗಿದರೆ ಹೊರಗಿನ ಆ ಇಬ್ಬರೂ ಒಳಕ್ಕೆ ಸರಿಯುತ್ತಾರೆ. ಹೀಗಾಗದಿದ್ದರೆ ಏನಾಗುತ್ತಿತ್ತೆಂದು 2013ರಲ್ಲಿ ವಿಜ್ಞಾನಿಗಳು ಗಣಕಯಂತ್ರದಲ್ಲಿ ಲೆಕ್ಕ ಹಾಕಿದರು. ಪಾದರಸ ಕರಗುವ ಉಷ್ಣತೆ ಸಾಪೇಕ್ಷತೆಯಿಂದಾಗಿಯೇ ಸುಮಾರು 105 ಡಿಗ್ರಿ ಕೆಳಗಿಳಿದಿದೆ ಎಂದು ತೋರಿತು. ಅದಿಲ್ಲದಿದ್ದರೆ ನನ್ನ ಥರ್ಮಾಮೀಟರಿನೊಳಗೆ ಒಂದು ಗಟ್ಟಿ ತಂತಿ ಇರುತ್ತಿತ್ತು, ಒಡೆದರೂ ಚೆಲ್ಲುತ್ತಿರಲಿಲ್ಲ. ಚಿನ್ನದ ಹಳದಿ ಬಣ್ಣಕ್ಕೂ ಅದೇ ಸಾಪೇಕ್ಷತೆ ಕಾರಣ. ಉಂಗುರದ ಬಣ್ಣವೂ ಅದನ್ನು ಕೆಡಿಸಿದ ರಸವೂ ಒಂದೇ ನಿಯಮದ ಮಕ್ಕಳು.

ತನ್ನವರನ್ನೇ ಹಿಡಿಯದ ಪಾದರಸ ಚಿನ್ನ ಸಿಕ್ಕರೆ ಬಿಡುವುದಿಲ್ಲ. ಪಾದರಸದ ಪರಮಾಣುಗಳ ನಡುವಣ ಸೆಳೆತಕ್ಕಿಂತ ಚಿನ್ನಕ್ಕೂ ಪಾದರಸಕ್ಕೂ ಇರುವ ಸೆಳೆತ ದೊಡ್ಡದು. ಮುಟ್ಟಿದ ಕ್ಷಣದಲ್ಲೇ ಅದು ಚಿನ್ನದ ಮೈಯನ್ನು ನೆನೆಸಿ, ಮೆಲ್ಲಗೆ ಒಳಕ್ಕಿಳಿಯುತ್ತದೆ. ಇಂಥ ಕೂಟಕ್ಕೆ ಅಮಾಲ್ಗಂ ಎಂದು ಹೆಸರು. ಬೆಳ್ಳಿ, ತವರ, ಸೀಸ, ಸತು, ತಾಮ್ರ ಎಲ್ಲದರೊಂದಿಗೂ ಅದಕ್ಕೆ ಸ್ನೇಹವುಂಟು. ಹಿಂದಿನ ಕಾಲದ ನಿಲುವುಗನ್ನಡಿಯ ಬೆನ್ನಿಗೆ ಹಚ್ಚುತ್ತಿದ್ದುದು ತವರ-ಪಾದರಸದ ಕೂಟ. ದಂತವೈದ್ಯರು ನಮ್ಮ ತಲೆಮಾರಿನ ಹುಳುಕು ಹಲ್ಲಿಗೆ ತುಂಬಿದ ಬೆಳ್ಳಿಯಲ್ಲಿ ತೂಕಕ್ಕೆ ಅರ್ಧ ಪಾದರಸವೇ. ನಮ್ಮ ಕೋಲಾರದ ಗಣಿಗಳಲ್ಲಿ ಕೂಡ, 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹೂಡಿದ ಕಾಲದಲ್ಲಿ, ಕಲ್ಲನ್ನು ಅರೆದು ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಕಲ್ಲು ಹರಿದುಹೋಗುತ್ತಿತ್ತು, ಚಿನ್ನ ಸಿಕ್ಕಿಬೀಳುತ್ತಿತ್ತು. ತಗಡನ್ನು ಕೆರೆದು ಬಂದದ್ದನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು.

ಕಬ್ಬಿಣದ ಸಂಗತಿ ಬೇರೆ. ಅದರ ಪರಮಾಣುಗಳು ತಮ್ಮತಮ್ಮೊಳಗೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆಯೆಂದರೆ ಪಾದರಸಕ್ಕೆ ಒಳಗೆ ಕಾಲಿಡಲು ಎಡೆಯಿಲ್ಲ. ಅದಕ್ಕೇ ವ್ಯಾಪಾರಿಗಳು ಪಾದರಸವನ್ನು ಶತಮಾನಗಳಿಂದ ತುಂಬಿಡುವುದು ಕಬ್ಬಿಣದ ಹೂಜಿಯಲ್ಲಿ. ಒಂದು ಹೂಜಿಗೆ ಸುಮಾರು 34 ಕಿಲೋ. ವರ್ಷಗಟ್ಟಲೆ ಒಂದೇ ಹೂಜಿಯಲ್ಲಿದ್ದರೂ ಒಂದಕ್ಕೊಂದು ಸಂಬಂಧವಿಲ್ಲ. ಇದನ್ನು ಹೇಳುವಾಗ ನನಗೆ ನಮ್ಮ ಮನೆಯ ನಡುಮನೆಯೂ ಅಡುಗೆಮನೆಯೂ ನೆನಪಾದವು. ಸೊಸೆಗೂ ನೆನಪಾಯಿತೋ ಏನೋ, ಅವಳು ತಲೆತಗ್ಗಿಸಿ ಗಂಧಕ ಹರಡುತ್ತಿದ್ದಳು.

"ಹಾಗಾದರೆ ಕಬ್ಬಿಣಕ್ಕೆ ಅದು ಸೇರುವುದೇ ಇಲ್ಲವೇ?" ಎಂದಳು.

ಇಲ್ಲವೆಂದೇ ನಾನು ಬಹುಕಾಲ ಪಾಠ ಹೇಳಿದವನು. ಆದರೆ ಅದು ಅರ್ಧಸತ್ಯ. ಕಬ್ಬಿಣದ ಪರಮಾಣುವನ್ನು ಅದರ ಬಳಗದಿಂದ ಬಿಡಿಸಿ, ಸುತ್ತಲೂ ಕಾರ್ಬನ್ ಮಾನಾಕ್ಸೈಡಿನ ಅಣುಗಳನ್ನು ತೊಡಿಸಿದರೆ ಅದರ ಸ್ವಭಾವವೇ ಬೇರೆಯಾಗುತ್ತದೆ. ಗಟ್ಟಿ ಕಬ್ಬಿಣವೆಂಬುದು ಆವಿಯಾಗಬಲ್ಲ ಹಳದಿ ದ್ರವವಾಗುತ್ತದೆ. 1928ರಲ್ಲಿ ಹಾಕ್ ಮತ್ತು ಸ್ಟೂಲ್‌ಮನ್ ಎಂಬ ಜರ್ಮನ್ ರಸಾಯನಜ್ಞರು ಈ ದ್ರವವನ್ನು ಪಾದರಸದ ಲವಣದೊಡನೆ ಸೇರಿಸಿ, ಕಬ್ಬಿಣಕ್ಕೂ ಪಾದರಸಕ್ಕೂ ನೇರವಾಗಿ ಗಂಟುಬಿದ್ದ ಸಂಯುಕ್ತವನ್ನು ಪಡೆದರು. ಹೂಜಿಯಲ್ಲಿ ಆಗದ ಮದುವೆ ಅಲ್ಲಿ ಆಯಿತು. ಕೋಬಾಲ್ಟಿನದು ಇನ್ನೂ ಅಚ್ಚುಕಟ್ಟು. ನಾಲ್ಕು ಕಾರ್ಬನ್ ಮಾನಾಕ್ಸೈಡ್ ತೊಟ್ಟ ಕೋಬಾಲ್ಟಿಗೆ ಒಂದು ಕೈ ಬಿಡುವಾಗಿರುತ್ತದೆ. ಅಂಥ ಎರಡು ಕೋಬಾಲ್ಟುಗಳ ನಡುವೆ ಪಾದರಸ ನಿಂತು, ಆಚೆಗೊಂದು ಈಚೆಗೊಂದು ಕೈಕೊಟ್ಟು, ಮೂವರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ನಡುವೆ ನಿಂತು ಎರಡೂ ಕಡೆ ಹಿಡಿದುಕೊಳ್ಳುವುದು ಪಾದರಸಕ್ಕೆ ಬಹಳ ಪ್ರಿಯವಾದ ಕೆಲಸ.

ತನ್ನ ಜಾತಿಯವರ ಕೈ ಹಿಡಿಯದೆಂದೆನಲ್ಲ, ಅದಕ್ಕೂ ಅಪವಾದವುಂಟು. ಹೊರಗಿನ ಎರಡು ಎಲೆಕ್ಟ್ರಾನುಗಳಲ್ಲಿ ಒಂದನ್ನು ಕಳೆದುಕೊಂಡ ಪಾದರಸ ಒಂಟಿಯಾಗಿ ಇರಲಾರದು; ತನ್ನಂತೆಯೇ ಕಳೆದುಕೊಂಡ ಇನ್ನೊಂದನ್ನು ಹುಡುಕಿ ಜೋಡಿಯಾಗುತ್ತದೆ. 1895ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಸಪ್ಪೆ ನೈಟ್ರಿಕ್ ಆಮ್ಲದಲ್ಲಿ ಪಾದರಸ ಇಟ್ಟಾಗ ಹಳದಿ ಹರಳುಗಳು ಕಂಡವು. ಅದು ಮರ್ಕ್ಯುರಸ್ ನೈಟ್ರೈಟ್ ಎಂಬ ಸಂಯುಕ್ತ. ಆ ಹಳದಿ ಹರಳುಗಳಲ್ಲಿ ಇರುವುದೂ ಇಂಥ ಜೋಡಿಗಳೇ. ರಾಯರು ಆ ಹರಳುಗಳ ಹಿಂದೆ ವರ್ಷಗಟ್ಟಲೆ ಹೋದರು; ನಮ್ಮ ಹಳೆಯ ರಸವಾದಿಗಳ ಗ್ರಂಥಗಳನ್ನು ಹುಡುಕಿ 1902ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟ ತಂದವರೂ ಅವರೇ. ಕಳೆದುಕೊಂಡವರು ಕಳೆದುಕೊಂಡವರ ಜೊತೆ ಸೇರುವುದು ಮನುಷ್ಯರಲ್ಲಿ ಮಾತ್ರವಲ್ಲ.

ಇನ್ನೂ ಒಂದುಂಟು. ಅದು ನಾನು ನಿವೃತ್ತನಾದ ಮೇಲೆ ಓದಿ ಬೆರಗಾದದ್ದು. ಹಲವು ಲೋಹದ ಪರಮಾಣುಗಳು ದ್ರಾಕ್ಷಿಯಂತೆ ಒಟ್ಟುಗೂಡಿದ ಸಂಯುಕ್ತಗಳಿವೆ, ಲೋಹದ ಗೊಂಚಲುಗಳೆನ್ನೋಣ. 1990ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ಜಾಕ್ ಲೂಯಿಸ್, ಬ್ರಯನ್ ಜಾನ್ಸನ್ ಮತ್ತು ಅವರ ಸಂಗಡಿಗರು ಆಸ್ಮಿಯಂ ಲೋಹದ ಇಂಥ ಗೊಂಚಲುಗಳಿಗೆ ಪಾದರಸ ಸೇರಿಸಿದರು. ಒಂದೊಂದರಲ್ಲೂ ಒಂಬತ್ತು ಆಸ್ಮಿಯಂ ಇರುವ ಎರಡು ಗೊಂಚಲು. ನಡುವೆ ಮೂರು ಪಾದರಸ, ತ್ರಿಕೋನವಾಗಿ, ಎರಡನ್ನೂ ಹಿಡಿದುಕೊಂಡು. ಸುತ್ತ ಉಡುಪಿನಂತೆ 42 ಕಾರ್ಬನ್ ಮಾನಾಕ್ಸೈಡ್. ಇದರ ಮೇಲೆ ಬೆಳಕು ಬಿಟ್ಟರೆ ಮೂರು ಪಾದರಸಗಳಲ್ಲಿ ಒಂದು ಹೊರಬೀಳುತ್ತದೆ, ಎರಡು ಉಳಿಯುತ್ತವೆ. ಕತ್ತಲೆಯಲ್ಲಿ ಪಾದರಸದ ಜೊತೆ ಇಟ್ಟರೆ ಹೋದ ಜಾಗಕ್ಕೆ ಮತ್ತೆ ಒಂದು ಬಂದು ಕೂರುತ್ತದೆ. ಗೊಂಚಲು ಒಡೆಯುವುದಿಲ್ಲ. ಎಷ್ಟು ದೊಡ್ಡ ಸಂಸಾರ, ಎಷ್ಟು ಸಲೀಸಾದ ಹೋಗಿಬರುವಿಕೆ! ಇದನ್ನು ಹೇಳಿದಾಗ ಸೊಸೆ, "ಹೊರಗೆ ಬಿದ್ದದ್ದು ಕಳೆದುಹೋಗುವುದಿಲ್ಲವಲ್ಲ, ಅದು ಒಳ್ಳೆಯದು" ಎಂದಳು. ಆ ಮಾತಿನ ತೂಕ ನನಗೆ ಆಗ ಹತ್ತಲಿಲ್ಲ.

ಬೆಳಗಾಗುವುದರೊಳಗೆ ಹುಡುಗನ ಜ್ವರ ಇಳಿಯಿತು. ಎರಡು ದಿನ ಬಿಟ್ಟು ಸೊಸೆಯೂ ನಾನೂ ಉಂಗುರದ ಸೀಸೆ ಹಿಡಿದು ನಮ್ಮ ಹಳೆಯ ಅಕ್ಕಸಾಲಿಗರ ಅಂಗಡಿಗೆ ಹೋದೆವು. ಉಂಗುರ ಮಾಡಿದ್ದು ಅವರ ತಂದೆ. ಈಗಿನ ಆಚಾರ್ರಿಗೇ ನನ್ನಷ್ಟು ವಯಸ್ಸು. ಸೀಸೆಯನ್ನು ಬೆಳಕಿಗೆ ಹಿಡಿದು, ಬಿರಡೆ ತೆಗೆಯದೆಯೇ, "ರಸ ಹಿಡಿದಿದೆ" ಎಂದರು.

"ಹೌದು ಆಚಾರ್ರೇ. ಸ್ವಲ್ಪ ಬೆಂಕಿಗೆ ಹಿಡಿದುಕೊಟ್ಟರೆ..."

"ಹಿಡಿದರೆ ಎದ್ದುಹೋಗುತ್ತೆ, ಮೇಷ್ಟ್ರೇ. ಎದ್ದು ಎಲ್ಲಿಗೆ ಹೋಗುತ್ತೆ?"

ನಾನು ಉತ್ತರ ಹೇಳಲಿಲ್ಲ. ಅವರೇ ಹೇಳಿದರು. ಅವರ ತಂದೆ ಉಂಗುರ, ಓಲೆ ಮಾಡುವುದರ ಜೊತೆಗೆ ಗಿಲೀಟು ಕೆಲಸಕ್ಕೆ ಹೆಸರಾದವರು. ದೇವಸ್ಥಾನದ ಕಲಶ, ಉತ್ಸವಮೂರ್ತಿಯ ಪ್ರಭಾವಳಿ, ಶ್ರೀಮಂತರ ಮನೆಯ ಪನ್ನೀರುದಾನಿ ಎಲ್ಲ ಅವರ ಕೈಯಿಂದ ಹೊಳೆದವು. ಚಿನ್ನವನ್ನು ಪಾದರಸದಲ್ಲಿ ಅರೆದು ಬೆಣ್ಣೆಯಂಥ ಮುದ್ದೆ ಮಾಡಿ, ತಾಮ್ರದ ಮೇಲೆ ಸವರಿ, ಕೆಂಡದ ಮೇಲೆ ಹಿಡಿಯುವುದು. ರಸ ಆವಿಯಾಗಿ ಹೋಗುತ್ತದೆ, ಚಿನ್ನ ಮೈಗೆ ಹತ್ತಿ ನಿಲ್ಲುತ್ತದೆ. ಆಮೇಲೆ ತಿಕ್ಕಿ ಮೆರುಗು ಕೊಡುವುದು. ಸಣ್ಣ ಕೋಣೆ, ಒಂದೇ ಕಿಟಕಿ. ಗಾಳಿಗೆ ಕೆಂಡ ಏರುಪೇರಾಗುತ್ತದೆಂದು ಅದನ್ನೂ ಮುಚ್ಚುತ್ತಿದ್ದರಂತೆ.

"ಐವತ್ತು ದಾಟುವ ಹೊತ್ತಿಗೆ ಅಪ್ಪನ ಕೈ ನಡುಗುವುದಕ್ಕೆ ಶುರುವಾಯಿತು. ಒಸಡು ಊದಿ ಹಲ್ಲು ಬಿದ್ದವು. ಸಿಟ್ಟೇ ಬಾರದ ಮನುಷ್ಯ, ಸುಮ್ಮಸುಮ್ಮನೆ ರೇಗುವುದು, ಆಮೇಲೆ ಅಳುವುದು. ದೃಷ್ಟಿ ತಾಕಿದೆ ಅಂದರು, ಮಾಟ ಅಂದರು. ಕೊನೆಗೆ ಅನ್ನದ ತುತ್ತು ಬಾಯಿಗೆ ತರಲಾರರು, ನಾನೇ ತಿನ್ನಿಸುತ್ತಿದ್ದೆ. ಕಲಶದ ಚಿನ್ನ ಇವತ್ತಿಗೂ ಹಾಗೇ ಇದೆ. ಎದ್ದುಹೋಯಿತು ಅಂತ ಅಂದುಕೊಂಡಿದ್ದೆವಲ್ಲ, ಆ ರಸ ಎಲ್ಲಿಗೂ ಹೋಗಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಆಚಾರ್ರು ಹೇಳಿದ್ದು ರಸಾಯನಶಾಸ್ತ್ರ. ನಾನು ಸೊಸೆಗೆ ಹೇಳಿದ್ದು ಅದರ ಅರ್ಧ. ಪಾದರಸ ಬಿಡುತ್ತದೆ ನಿಜ. ಆದರೆ ಒಂದನ್ನು ಬಿಟ್ಟದ್ದು ಇನ್ನೊಂದನ್ನು ಹಿಡಿಯುವುದಕ್ಕೆ. ಚಿನ್ನಕ್ಕಿಂತಲೂ ಅದಕ್ಕೆ ಪ್ರಿಯವಾದದ್ದು ಗಂಧಕ. ಭೂಮಿಯೊಳಗೆ ಅದು ದೊರೆಯುವುದೇ ಹೆಚ್ಚಾಗಿ ಗಂಧಕದೊಡನೆ ಕೂಡಿದ ಇಂಗುಲಿಕವಾಗಿ. ನೆಲದ ಸಂದಿಗೆ ನಾನು ಗಂಧಕ ಉದುರಿಸಿದ್ದೂ ಈ ಪ್ರೀತಿಯನ್ನು ನಂಬಿಯೇ. ಗಂಧಕ ನಮ್ಮ ಮೈಯಲ್ಲೂ ಇದೆ: ನರದಲ್ಲಿ, ಮೂತ್ರಪಿಂಡದಲ್ಲಿ, ಎಲ್ಲ ಕಡೆಯ ಪ್ರೋಟೀನುಗಳಲ್ಲಿ. ಗಂಧಕದ ಒಂದು ಬಗೆಯ ಸಂಯುಕ್ತಗಳಿಗೆ ರಸಾಯನಜ್ಞರು ಮರ್ಕ್ಯಾಪ್ಟನ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಪಾದರಸವನ್ನು ಹಿಡಿಯುವಂಥದು ಎಂದು ಅರ್ಥ. ಆ ಹೆಸರಿನ ವ್ಯುತ್ಪತ್ತಿಯನ್ನು ನಾನು ತರಗತಿಯಲ್ಲಿ ನಗುನಗುತ್ತಾ ಹೇಳುತ್ತಿದ್ದೆ. ಕೆಂಡದಿಂದ ಎದ್ದ ಆವಿ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಿ ಆಚಾರ್ರ ತಂದೆಯೊಳಗಿನ ಗಂಧಕವನ್ನು ಹಿಡಿದುಕೊಂಡಿತ್ತು.

ನಗುನಗುತ್ತಾ ಮಾಡಿದ್ದು ಇನ್ನೂ ಉಂಟು. ಪ್ರತಿ ವರ್ಷ ಹೊಸ ತರಗತಿಯ ಹುಡುಗರ ಅಂಗೈ ಮೇಲೆ ಒಂದು ಗುಂಡು ಪಾದರಸ ಬಿಟ್ಟು, "ತೂಕ ನೋಡಿ, ನೀರಿನ 13.5 ಪಾಲು" ಎನ್ನುತ್ತಿದ್ದೆ. ತಾಮ್ರದ ಕಾಸನ್ನು ಬೆಳ್ಳಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಆಗ ಯಾರಿಗೂ ಅದು ತಪ್ಪೆನಿಸಿರಲಿಲ್ಲ ಎಂಬ ಸಮಾಧಾನವೂ ನನಗೆ ಇಲ್ಲ. ಜಪಾನಿನ ಮಿನಮಾಟಾದಲ್ಲಿ ಪಾದರಸ ಸೇರಿದ ಮೀನು ತಿಂದವರ ರೋಗ 1956ರಲ್ಲೇ ಬೆಳಕಿಗೆ ಬಂದಿತ್ತು. ನಾನು ಮೇಷ್ಟರಾದದ್ದು ಅದಕ್ಕೆ ಎಷ್ಟೋ ವರ್ಷದ ಮೇಲೆ. ಆ ಊರಿನ ಹೆಸರಿನಲ್ಲೇ 2013ರಲ್ಲಿ ದೇಶದೇಶಗಳು ಸೇರಿ ಪಾದರಸದ ಬಳಕೆಗೆ ಕಡಿವಾಣ ಹಾಕುವ ಒಪ್ಪಂದ ಮಾಡಿಕೊಂಡವು. ಆದರೂ ಇವತ್ತಿಗೂ ಆಫ್ರಿಕದಲ್ಲಿ, ದಕ್ಷಿಣ ಅಮೆರಿಕದಲ್ಲಿ, ಬಡ ಗಣಿಗಾರರು ಚಿನ್ನದ ಮರಳಿಗೆ ಪಾದರಸ ಕಲೆಸಿ ಬಯಲಲ್ಲೇ ಬೆಂಕಿಗೆ ಹಿಡಿಯುತ್ತಾರೆ. ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅದೇ. ಪಕ್ಕದಲ್ಲಿ ಮಕ್ಕಳು ಆಡುತ್ತಿರುತ್ತವೆ.

"ಹಾಗಾದರೆ ದಾರಿ?" ಎಂದು ಕೇಳಿದೆ.

"ದೊಡ್ಡ ಊರಲ್ಲಿ ಚಿನ್ನ ಶುದ್ಧಿ ಮಾಡುವ ಕಾರ್ಖಾನೆ ಇವೆ. ಹೊಗೆ ಹೊರಗೆ ಬಿಡದೆ ಹಿಡಿಯುವ ಒಲೆ ಇಟ್ಟಿರುತ್ತಾರೆ. ಅಲ್ಲಿಗೆ ಕೊಟ್ಟರೆ ಎಲ್ಲರ ಚಿನ್ನದ ಜೊತೆ ಕರಗಿಸಿ, ತೂಕಕ್ಕೆ ತೂಕ ಬೇರೆ ಚಿನ್ನ ಕೊಡುತ್ತಾರೆ. ಅದರಲ್ಲಿ ಹೊಸ ಉಂಗುರ ಮಾಡಿಕೊಡುತ್ತೇನೆ, ಅದೇ ಮಾವಿನೆಲೆ ಕೆತ್ತಿ. ಒಂದು ಗುಲಗಂಜಿ ಕಡಿಮೆ ಆಗುವುದಿಲ್ಲ." ಸ್ವಲ್ಪ ತಡೆದು, "ಆದರೆ ಅದು ಅಮ್ಮಾವರ ಉಂಗುರ ಆಗುವುದಿಲ್ಲ. ಅದನ್ನೂ ಹೇಳಬೇಕಲ್ಲ" ಎಂದರು.

ನಾನು ಸೊಸೆಯ ಮುಖ ನೋಡಿದೆ. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಅಕ್ಕಸಾಲಿಗ ಇದ್ದ; ಇಪ್ಪತ್ತರ ಹುಡುಗ, ಅಗ್ಗಿಷ್ಟಿಕೆ ಮುಂದಿಟ್ಟುಕೊಂಡು ಕೂತಿದ್ದ. ಬರುವಾಗ ಅವನನ್ನು ಇಬ್ಬರೂ ನೋಡಿದ್ದೆವು. ಅವನನ್ನು ಕೇಳಿದರೆ ಮರುಮಾತಿಲ್ಲದೆ ಊದುಗೊಳವೆ ಹಿಡಿಯುತ್ತಿದ್ದ. ಐದು ನಿಮಿಷದ ಕೆಲಸ. ಒಂದು ಉಂಗುರದ ಆವಿಯಿಂದ ಯಾರೂ ಸಾಯುವುದಿಲ್ಲವೆಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕವೂ ಸರಿಯಾದದ್ದೇ. ಆಚಾರ್ರ ತಂದೆಯ ಮುಂದೆಯೂ ಒಂದೊಂದು ಸಲಕ್ಕೆ ಒಂದೊಂದೇ ಪಾತ್ರೆ ಇದ್ದಿರಬೇಕು.

"ಬೇಡ ಮಾವ, ಹೋಗೋಣ" ಎಂದಳು ಸೊಸೆ. ಸೀಸೆಯನ್ನು ಕೈಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ಆ ಹುಡುಗನ ಅಂಗಡಿ ಬಂತು, ಹೋಯಿತು. ಇಬ್ಬರೂ ಮಾತಾಡಲಿಲ್ಲ. ಮನೆ ಹತ್ತಿರವಾದಾಗ ಅವಳು, "ಅತ್ತೆ ಇದ್ದಿದ್ದರೆ ಏನು ಮಾಡುತ್ತಿದ್ದರು?" ಎಂದಳು. "ನಿನ್ನ ಹಾಗೆಯೇ. ಆಮೇಲೆ ಒಂದು ತಿಂಗಳು ನನ್ನನ್ನು ಬೈಯುತ್ತಿದ್ದಳು" ಎಂದೆ. ಅವಳು ನಕ್ಕಳು. ಬೈಯುವ ಕೆಲಸವನ್ನು ಅಂದಿನಿಂದ ಅವಳು ಸ್ವಲ್ಪ ಸ್ವಲ್ಪವಾಗಿ ವಹಿಸಿಕೊಂಡಿದ್ದಾಳೆ. ನಾನು ಮಾತ್ರೆ ಮರೆತರೆ, ಸ್ನಾನ ತಡಮಾಡಿದರೆ ಅಡುಗೆಮನೆಯಿಂದಲೇ ದನಿ ಬರುತ್ತದೆ. ಮನೆ ಮನೆಯಂತಾಗಿದೆ.

ನೆಲದಿಂದ ಬಳಿದ ಪಾದರಸವನ್ನು ನಾನಿದ್ದ ಕಾಲೇಜಿನ ಪ್ರಯೋಗಶಾಲೆಗೆ ಒಪ್ಪಿಸಿದೆ. ಅಪಾಯದ ಕಸವನ್ನು ಅಲ್ಲಿ ಬೇರೆಯಾಗಿ ಕೂಡಿಡುತ್ತಾರೆ. ಉಂಗುರದ ಸೀಸೆಗೆ ಗಾಜಿನ ಬಿರಡೆ ಬಿಗಿದು ಮೇಣ ಹಚ್ಚಿ, ಹಳೆಯ ಅಭ್ಯಾಸದಂತೆ ಚೀಟಿ ಅಂಟಿಸಿದೆ. ಚಿನ್ನ, ಪಾದರಸ, ತಾರೀಖು. ಅದು ನನ್ನಾಕೆಯ ಪಟದ ಹಿಂದಿನ ಗೂಡಿನಲ್ಲಿ, ಹುಡುಗನ ಕೈಗೆ ಎಟುಕದ ಎತ್ತರದಲ್ಲಿದೆ.

ಮೊನ್ನೆ ಅವಳ ತಿಥಿಯ ದಿನ ಸೊಸೆ ಆ ಸೀಸೆಯನ್ನು ತೆಗೆದು ಒರೆಸಿ, ಪಟದ ಮುಂದಿಟ್ಟು, ಪಕ್ಕದಲ್ಲಿ ಒಂದು ಹೂವಿಟ್ಟಳು. ಮೊಮ್ಮಗ ಬಂದು ದಿಟ್ಟಿಸಿ ನೋಡಿದ.

"ಅಮ್ಮ, ಅಜ್ಜಿ ಉಂಗುರ ಯಾಕೆ ಬೆಳ್ಳಗಿದೆ?"

ನಾನು ಗಂಟಲು ಸರಿಮಾಡಿಕೊಂಡೆ. 79, 80, ಸಾಪೇಕ್ಷತೆ ಎಲ್ಲ ನಾಲಗೆಯ ತುದಿಗೆ ಬಂದಿದ್ದವು. ಅಷ್ಟರಲ್ಲಿ ಸೊಸೆ ಹೇಳಿಬಿಟ್ಟಳು: "ಜ್ವರ ಬಂದ ದಿನ ನೀನು ಆಟಕ್ಕೆ ಹಿಡಿಯುವುದಕ್ಕೆ ಹೋಗಿದ್ದೆಯಲ್ಲ, ಅದನ್ನು ಅಜ್ಜಿ ಹಿಡಿದಿಟ್ಟುಕೊಂಡಿದ್ದಾರೆ."

ರಸಾಯನಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ತಿದ್ದಬೇಕಾದ್ದೇನೂ ನನಗೆ ಕಾಣಲಿಲ್ಲ.